ಮುದ್ರೆಯ ಮೇಲೆ ಮುದ್ರೆ

ಮನೆಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ಪೆಟ್ಟಿಗೆಯ ತಳದಲ್ಲಿದ್ದ ಹಳೆಯ ಬೆಳ್ಳಿ ಹೊರಬರುತ್ತದೆ. ಅಜ್ಜಿಯ ಕಾಲ್ಗಡಗ ಅಕ್ಕಸಾಲಿಗರ ಮೂಸೆಯಲ್ಲಿ ಕರಗಿ ಮೊಮ್ಮಗಳ ಕಾಲ್ಗೆಜ್ಜೆಯಾಗುತ್ತದೆ. ಬೆಳ್ಳಿ ಉಳಿಯಿತು, ಆದರೆ ಅಜ್ಜಿಯ ಕಡಗ ಹೇಗಿತ್ತೆಂದು ಮುಂದಿನವರಿಗೆ ತೋರಿಸಲು ಏನೂ ಉಳಿಯಲಿಲ್ಲ. ಪ್ರಾಚೀನ ಗ್ರೀಕರ ಟಂಕಸಾಲೆಗಳಲ್ಲಿ ಅನೇಕ ವೇಳೆ ಹೀಗಾಗಲಿಲ್ಲ. ಅವರು ಪರಸ್ಥಳದ ಬೆಳ್ಳಿ ನಾಣ್ಯವನ್ನು ಕರಗಿಸುವ ಗೋಜಿಗೆ ಹೋಗದೆ, ಅದನ್ನೇ ಕಾಯಿಸಿ, ಅದರ ಮೇಲೆ ತಮ್ಮ ಊರಿನ ಅಚ್ಚನ್ನು ಒತ್ತಿಬಿಡುತ್ತಿದ್ದರು. ಹೊಸ ಮುದ್ರೆಯ ಅಡಿಯಲ್ಲಿ ಹಳೆಯದು ಅರೆಬರೆಯಾಗಿ ಉಳಿದುಕೊಂಡಿತು. ಈ ಸಲ ಅಂತಹ ನಾಣ್ಯಗಳ ವಿಚಾರವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಆ ಕಾಲದಲ್ಲಿ ಯಂತ್ರಗಳಿರಲಿಲ್ಲ. ಒಂದು ಅಚ್ಚನ್ನು ಅಡಿಗಲ್ಲಿನಲ್ಲಿ ಕೂಡಿಸಿ, ಅದರ ಮೇಲೆ ಬೆಳ್ಳಿಯ ಬಿಲ್ಲೆಯನ್ನಿಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ತೂಕ ಸರಿಯಾಗಿರುವ ಬಿಲ್ಲೆಗಳನ್ನು ಸಿದ್ಧಪಡಿಸುವುದೇ ಹೆಚ್ಚಿನ ಶ್ರಮ. ಬೇರೊಂದು ಊರಿನ ನಾಣ್ಯವಾದರೋ ತೂಗಿ ಮಾಡಿಟ್ಟ ಬಿಲ್ಲೆಯೇ ಸರಿ! ಪೆಟ್ಟು ಚೆನ್ನಾಗಿ ಬಿದ್ದರೆ ಹಳೆಯ ಚಿತ್ರ ಅಳಿಸಿಹೋಗುವುದು. ಕೊಂಚ ಓರೆಯಾಗಿ ಬಿದ್ದರೆ ಹಳೆಯ ಅಕ್ಷರವೊಂದೋ ರೆಕ್ಕೆಯ ತುದಿಯೋ ಉಳಿಯುವುದು. ಆ ಕೆಲಸಗಾರರ ಅವಸರಕ್ಕೆ ಇತಿಹಾಸಕಾರರು ಇಂದಿಗೂ ಋಣಿಗಳಾಗಿದ್ದಾರೆ.

ದಕ್ಷಿಣ ಇಟಲಿಯಲ್ಲಿ ಗ್ರೀಕರು ನೆಲೆಸಿದ್ದ ಮೆಟಪಾಂಟಮ್ ಎಂಬ ಊರಿನ ಲಾಂಛನ ಜವೆಗೋದಿಯ ತೆನೆ. ಅಲ್ಲಿಯ ಕೆಲವು ನಾಣ್ಯಗಳಲ್ಲಿ ತೆನೆಯ ಜೊತೆಗೆ ಕಾರಿಂತ್ ನಗರದ ರೆಕ್ಕೆಯ ಕುದುರೆಯ ಗೆರೆಗಳೂ ಕಾಣುತ್ತವೆ. ಕಾರಿಂತ್‌ನ ಹಣ ಸಮುದ್ರ ದಾಟಿ ಅಲ್ಲಿಗೆ ಬಂದಿತ್ತೆಂಬುದಕ್ಕೆ ಬೇರೆ ದಾಖಲೆಯೇ ಬೇಡ.

ಕ್ರೀಟ್ ದ್ವೀಪದ ಸಂಗತಿ ಇನ್ನೂ ಸ್ವಾರಸ್ಯಕರವಾಗಿದೆ. ಆ ದ್ವೀಪಕ್ಕೆ ಸ್ವಂತ ಬೆಳ್ಳಿಯ ಗಣಿಗಳಿರಲಿಲ್ಲ. ಗಾರ್ಟಿನ್, ಫೈಸ್ಟಾಸ್ ಮೊದಲಾದ ಊರುಗಳವರು ಹೊರಗಿನಿಂದ ಬಂದ ನಾಣ್ಯಗಳ ಮೇಲೆಯೇ ತಮ್ಮ ಮುದ್ರೆ ಹಾಕಿದರು. ಈಜೈನಾ ದ್ವೀಪದ ಆಮೆಯ ನಾಣ್ಯ, ಆಫ್ರಿಕದ ಉತ್ತರ ತೀರದಲ್ಲಿದ್ದ ಸೈರೀನ್ ಎಂಬ ಗ್ರೀಕ್ ನಗರದ ನಾಣ್ಯ ಇವೆಲ್ಲವೂ ಹೀಗೆ ರೂಪಾಂತರ ಹೊಂದಿದವು. ಸೈರೀನಿನ ನಾಣ್ಯದಲ್ಲಿ ಸಿಲ್ಫಿಯಮ್ ಎಂಬ ಗಿಡದ ಚಿತ್ರವಿರುತ್ತಿತ್ತು. ಆ ನಗರಕ್ಕೆ ಐಶ್ವರ್ಯ ತಂದ ಔಷಧದ ಗಿಡವದು; ಮುಂದೆ ಅಲ್ಲಿ ಸಿಗದಂತಾಯಿತು. ಕ್ರೀಟಿನ ಜನರು ಕೂಲಿ ಸೈನಿಕರಾಗಿ ಹೊರನಾಡುಗಳಿಗೆ ಹೋಗುತ್ತಿದ್ದುದು ಪ್ರಸಿದ್ಧವಾದುದು. ಹೀಗೆ ಬಂದ ಹಣದಲ್ಲಿ ಒಂದು ಭಾಗ ಅವರ ಸಂಬಳವೇ ಇರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಫ್ರಾನ್ಸಿನ ಜಾರ್ಜ್ ಲ ರಿಡೇ ಅವರು 1966ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಅಡಿಮುದ್ರೆಗಳನ್ನು ಒಂದೊಂದಾಗಿ ಗುರುತಿಸಿದರು. ಅಡಿಯಲ್ಲಿರುವ ನಾಣ್ಯ ಹುಟ್ಟಿದ ಮೇಲೆಯೇ ಮೇಲಿನ ಮುದ್ರೆ ಬಿದ್ದಿರಬೇಕಷ್ಟೆ? ಈ ಸರಳ ನ್ಯಾಯದಿಂದ ಕ್ರೀಟಿನ ಅನೇಕ ನಾಣ್ಯಗಳು ಹಿಂದೆ ಎಣಿಸಿದುದಕ್ಕಿಂತ ಈಚಿನವೆಂದು ಸ್ಥಿರಪಟ್ಟಿತು. ನಾಣ್ಯದ ಅಂದಚಂದ ನೋಡಿ ಕಾಲವನ್ನು ಊಹಿಸುತ್ತಿದ್ದವರು ತಮ್ಮ ಲೆಕ್ಕವನ್ನು ತಿದ್ದಿಕೊಳ್ಳಬೇಕಾಯಿತು.

ಇಲ್ಲಿಯವರೆಗೆ ಹೇಳಿದ್ದು ವ್ಯಾಪಾರದ, ಅನುಕೂಲದ ಮಾತಾಯಿತು. ಆದರೆ ಅಚ್ಚು ಆಳುವವರ ಕೈಯಲ್ಲಿರುತ್ತದೆ, ಬೆಳ್ಳಿಯಾದರೋ ಪ್ರಜೆಗಳ ಮನೆಯದು. ಕ್ರಿ.ಪೂ. 405ರಿಂದ 367ರವರೆಗೆ ಸಿಸಿಲಿಯ ಸಿರಾಕ್ಯೂಸ್ ನಗರವನ್ನಾಳಿದ ಡಯೊನೀಸಿಯಸನ ಕಥೆಯೊಂದು ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ಅರ್ಥವಿಚಾರದ ಗ್ರಂಥವೊಂದರಲ್ಲಿದೆ. ಆತ ಪ್ರಜೆಗಳಿಂದ ಸಾಲ ಪಡೆದಿದ್ದ. ಅವರು ಮರಳಿ ಕೇಳಿದಾಗ, ಇದ್ದ ಬೆಳ್ಳಿಯನ್ನೆಲ್ಲ ತಂದೊಪ್ಪಿಸಬೇಕು, ತಪ್ಪಿದರೆ ಮರಣದಂಡನೆ ಎಂದು ಆಜ್ಞೆ ಹೊರಡಿಸಿದ. ತಂದ ಹಣದ ಮೇಲೆ ಹೊಸ ಮುದ್ರೆ ಹಾಕಿಸಿ, ಒಂದು ಡ್ರಾಕ್ಮಕ್ಕೆ ಎರಡರ ಬೆಲೆ ಕಟ್ಟಿ, ಅದರಿಂದಲೇ ಸಾಲ ತೀರಿಸಿದನಂತೆ. ಅವರ ಹಣದಿಂದಲೇ ಅವರ ಸಾಲ! ಕಥೆಗೆ ಬಣ್ಣ ಬಿದ್ದಿರಬಹುದು. ಆದರೂ ಪ್ರಜೆಗಳಿಗೆ ಯಾವುದರ ಭಯವಿತ್ತೆಂಬುದು ಅದರಿಂದ ತಿಳಿಯುತ್ತದೆ.

ಪ್ರಜಾಪ್ರಭುತ್ವಕ್ಕೆ ಹೆಸರಾದ ಅಥೆನ್ಸ್ ಕೂಡ ಈ ದಾರಿ ಹಿಡಿಯದೆ ಇರಲಿಲ್ಲ. ತನ್ನ ಮಿತ್ರನಗರಗಳೊಡನೆ ಕ್ರಿ.ಪೂ. 357ರಿಂದ 355ರವರೆಗೆ ಕಾದಾಡಿ ಅದರ ಬೊಕ್ಕಸ ಬರಿದಾಗಿತ್ತು. ಕ್ರಿ.ಪೂ. 353ರಲ್ಲಿ ಹಳೆಯ ಬೆಳ್ಳಿ ನಾಣ್ಯಗಳೆಲ್ಲ ಸಲ್ಲವೆಂದು ಸಾರಿ, ಅವನ್ನು ಹಿಂದಕ್ಕೆ ತರಿಸಿ ಮರುಮುದ್ರಿಸಿದರೆಂದು ಜಾನ್ ಕ್ರೋಲ್ ಎಂಬ ವಿದ್ವಾಂಸರು 2011ರಲ್ಲಿ ವಿವರಿಸಿದ್ದಾರೆ. ಸುಮಾರು 17 ಗ್ರಾಂ ತೂಕದ ನಾಲ್ಕು ಡ್ರಾಕ್ಮದ ನಾಣ್ಯವನ್ನು ತಟ್ಟಿ ಚಪ್ಪಟೆ ಮಾಡಿ, ಮಡಿಚಿ, ಮತ್ತೆ ಅದೇ ಅಥೀನಾ ದೇವಿಯ ಮುಖವನ್ನೂ ಗೂಬೆಯನ್ನೂ ಒತ್ತಿದರು. ಬಿಲ್ಲೆ ದುಂಡಗಿರದೆ ಕೊರಡಿನಂತಾಗಿ, ದೇವಿಯ ಮುಖ ಅದರಲ್ಲಿ ಪೂರ್ತಿ ಹಿಡಿಯದೆ ಹೋಯಿತು. ಈ ಕೆಲಸಕ್ಕೆ ಸರ್ಕಾರ ವಸೂಲು ಮಾಡಿದ ಶುಲ್ಕವೇ ಬೊಕ್ಕಸಕ್ಕೆ ಆದಾಯವಾಯಿತೆಂದು ಕ್ರೋಲ್ ಅವರ ಅಭಿಪ್ರಾಯ. 2016ರ ನವೆಂಬರಿನಲ್ಲಿ 500, 1000 ರೂಪಾಯಿಯ ನೋಟು ಹಿಡಿದು ಸಾಲಿನಲ್ಲಿ ನಿಂತ ತಾಯಂದಿರಿಗೆ ಅಥೆನ್ಸಿನ ಆ ಗೃಹಸ್ಥರ ಕಳವಳವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಗ್ರೀಕ್ ನಾಣ್ಯದ ಮಾದರಿ ನಮ್ಮ ದೇಶಕ್ಕೂ ಬಂದಿತು. ವಾಯವ್ಯ ಭಾರತವನ್ನಾಳಿದ ಗ್ರೀಕ್ ಅರಸರು ಅಲ್ಲಿ ಬೆಳ್ಳಿಯ ಡ್ರಾಕ್ಮಗಳನ್ನು ಅಚ್ಚು ಹಾಕಿಸಿದರು. ಆ ಹೆಸರೇ ಸಂಸ್ಕೃತದಲ್ಲಿ ದ್ರಮ್ಮವಾಗಿ, ನಮ್ಮ ಕನ್ನಡ ಶಾಸನಗಳಲ್ಲಿಯೂ ಬಳಕೆಯಾಗಿದೆ. ಪಶ್ಚಿಮ ಭಾರತದ ಕ್ಷತ್ರಪ ನಹಪಾನನು ಇದೇ ಮಾದರಿಯಲ್ಲಿ ತನ್ನ ಮುಖವನ್ನೂ ಸುತ್ತ ಗ್ರೀಕ್ ಅಕ್ಷರಗಳನ್ನೂ ಇರಿಸಿ ಬೆಳ್ಳಿ ನಾಣ್ಯ ಹೊರಡಿಸಿದನು. 1906ರಲ್ಲಿ ನಾಸಿಕದ ಬಳಿಯ ಜೋಗಲ್ಥೆಂಬಿಯಲ್ಲಿ ಅವನ 13,000ಕ್ಕೂ ಹೆಚ್ಚು ನಾಣ್ಯಗಳ ನಿಧಿ ದೊರೆಯಿತು. ಅವುಗಳಲ್ಲಿ 9,000ಕ್ಕೂ ಮಿಕ್ಕಿದವುಗಳ ಮೇಲೆ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿಯ ಮುದ್ರೆ ಬಿದ್ದಿದೆ. ನಹಪಾನನ ರಾಜ್ಯ ಶಾತವಾಹನರ ವಶವಾಯಿತೆಂಬುದಕ್ಕೆ ಇದು ದೊಡ್ಡ ಆಧಾರ. ಗೆದ್ದವನ ಮುದ್ರೆಯಲ್ಲಿ ಮೂರು ಕಮಾನಿನ ಬೆಟ್ಟವಿದೆ. ಅದರ ಪಕ್ಕದಲ್ಲಿಯೇ ಸೋತವನ ಮೂಗು, ಗಲ್ಲ, ಅಂಚಿನ ತುಂಡು ಅಕ್ಷರಗಳು ಹಲವು ನಾಣ್ಯಗಳಲ್ಲಿ ಇಂದಿಗೂ ಕಾಣುತ್ತವೆ.