ಹೇಳಿ ಹೊರಡುವುದು

ಮನೆಯಿಂದ ಹೊರಡುವವನು ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು ಎಂಬುದು ನಮ್ಮ ಹಿರಿಯರ ಕಟ್ಟಳೆ. ಹಾಗೆ ಅಂದ ಮೇಲೂ ಅವರಿಗೆ ಸಮಾಧಾನವಿಲ್ಲ. ಎಲ್ಲಿಗೆ, ಯಾವ ಹಾದಿಯಿಂದ, ಜೊತೆಗೆ ಯಾರು, ಊಟಕ್ಕೆ ಬರುವೆಯೋ ಇಲ್ಲವೋ, ಇಷ್ಟಕ್ಕೂ ಉತ್ತರ ಕೊಟ್ಟಲ್ಲದೆ ಹೊಸ್ತಿಲು ದಾಟುವಂತಿಲ್ಲ. ವಯಸ್ಸು ಮೂವತ್ತು ದಾಟಿ, ಕಾಲೇಜಿನಲ್ಲಿ ನೂರಾರು ಹುಡುಗರಿಗೆ ಪಾಠ ಹೇಳುವವನಿಗೆ ಇದು ಕಿರಿಕಿರಿಯೆನಿಸುವುದು ಸಹಜ. ನನಗೂ ಎನಿಸುತ್ತಿತ್ತು, ಕಳೆದ ಆಷಾಢದವರೆಗೆ.

ಆ ದಿನ ಖಾನಾಪುರದಲ್ಲಿ ಅವ್ವನನ್ನು ಕಂಡು, ಊಟ ಮುಗಿಸಿ, ಬೆಳಗಾವಿಗೆ ಹೊರಟೆನೆಂದು ಹೇಳಿ ಮೋಟಾರ್ ಸೈಕಲ್ ಏರಿದೆ. ನಾಲ್ಕು ಗಂಟೆಗೆ ಬರುವೆನೆಂದು ಟಿಳಕವಾಡಿಯ ಮನೆಗೂ ಫೋನು ಮಾಡಿದ್ದೆ. ಊರ ಹೊರಗೆ ಬರುವಷ್ಟರಲ್ಲಿ ಮಳೆ ಕೊಂಚ ಬಿಡುವು ಕೊಟ್ಟಿತು. ಮಲಪ್ರಭೆ ಹುಟ್ಟುವ ಕಣಕುಂಬಿಯನ್ನು ಮಳೆಗಾಲದಲ್ಲಿ ನೋಡಿ ಎಷ್ಟು ವರ್ಷವಾಯಿತೆಂದು ಮನಸ್ಸು ನೆನಪಿಸಿತು. ಗಾಡಿ ಜಾಂಬೋಟಿಯ ಹಾದಿ ಹಿಡಿಯಿತು. ಕಣಕುಂಬಿ ಇನ್ನೂ ದೂರವಿರುವಾಗಲೇ ಕಾಡಿನ ನಡುವೆ ಎಂಜಿನ್ ನಿಂತಿತು. ಫೋನು ಸತ್ತಂತೆ ಕುಳಿತಿತ್ತು. ಪುಣ್ಯಾತ್ಮನೊಬ್ಬನ ಟೆಂಪೋ ಹತ್ತಿ ನಾನು ಮನೆ ಮುಟ್ಟಿದಾಗ ರಾತ್ರಿ ಹತ್ತು ಗಂಟೆ. ಅಷ್ಟರಲ್ಲಿ ನನ್ನ ತಮ್ಮ ಖಾನಾಪುರ–ಬೆಳಗಾವಿ ರಸ್ತೆಯನ್ನು ಸುರಿಯುವ ಮಳೆಯಲ್ಲಿ ಮೂರು ಬಾರಿ ಅಳೆದು, ಪ್ರತಿಯೊಂದು ಸೇತುವೆಯ ಕೆಳಗೂ ಬ್ಯಾಟರಿ ಬಿಟ್ಟು ನೋಡಿದ್ದ. ನಾನು ಇಲ್ಲದ ರಸ್ತೆಯಲ್ಲಿ ನನ್ನ ಹೆಣವನ್ನು ಹುಡುಕಿದ್ದ. ಅವ್ವ ಬೈಯಲಿಲ್ಲ. “ಹೇಳಿ ಹೋಗಿದ್ರ ಅವಾ ಆ ದಾರಿಗೇ ಬರ್ತಿದ್ನಲ್ಲೋ” ಎಂದಷ್ಟೇ ಅಂದಳು.

ಈ ಕಥೆಯನ್ನು ಕೇಳಿ ನಕ್ಕವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ; ಈಗ ಸಾಂಬ್ರಾದಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದಾನೆ. ಬೆಳಗಾವಿಯವರಿಗೆ ಸಾಂಬ್ರಾ ಹೊಸದಲ್ಲ. 1942ರಲ್ಲಿ, ಮಹಾಯುದ್ಧದ ಕಾಲಕ್ಕೆ, ಬ್ರಿಟಿಷ್ ವಾಯುಪಡೆ ಕಟ್ಟಿದ ನಿಲ್ದಾಣವದು. ಇಂದು ಅಲ್ಲಿ ಪ್ರಯಾಣಿಕರ ವಿಮಾನಗಳು ಇಳಿಯುತ್ತವೆ, ವಾಯುಪಡೆಯ ತರಬೇತಿ ಶಾಲೆಯಿದೆ, ಪೈಲಟ್ ಆಗಬಯಸುವ ಹುಡುಗರು ಚಿಕ್ಕ ವಿಮಾನಗಳಲ್ಲಿ ಕಲಿಯುತ್ತಾರೆ. “ನೀವು ಫ್ಲೈಟ್ ಪ್ಲಾನ್ ಕೊಡದೆ ಹಾರಿದಿರಿ, ಸರ್” ಎಂದ ಆತ. ಹಾಗೆಂದರೇನೆಂದು ಕೇಳಿದೆ. ಅಂದು ಗುರು ಶಿಷ್ಯನಾದ, ಶಿಷ್ಯ ಗುರುವಾದ.

ನಮ್ಮ ದೇಶದಲ್ಲಿ ಸ್ವಂತ ವಿಮಾನವುಳ್ಳವನೂ ಮನಸ್ಸು ಬಂದಂತೆ ಊರಿಂದೂರಿಗೆ ಹಾರುವಂತಿಲ್ಲ. ಮೊದಲು ಎರಡೂ ನಿಲ್ದಾಣಗಳ ಹವೆಯನ್ನು ನೋಡಬೇಕು. ಯಾವ ಓಡುಹಾದಿ ಮುಚ್ಚಿದೆ, ಯಾವ ಆಕಾಶ ನಿಷಿದ್ಧವಾಗಿದೆ ಎಂಬ ಪ್ರಕಟಣೆಗಳನ್ನು ಓದಬೇಕು. ಭಾರ, ಇಂಧನಗಳ ಲೆಕ್ಕ ಹಾಕಬೇಕು. ಬಳಿಕ, ಹೊರಡುವುದಕ್ಕೆ ಕನಿಷ್ಠ 60 ನಿಮಿಷ ಮೊದಲು, ಫ್ಲೈಟ್ ಪ್ಲಾನ್ ಎಂಬ ಪತ್ರವನ್ನು ಒಪ್ಪಿಸಬೇಕು. ಇಂಥ ವಿಮಾನ ಇಂಥ ಹಾದಿಯಲ್ಲಿ ಬರುತ್ತಿದೆಯೆಂದು ದೇಶದ ರಕ್ಷಣೆಯ ಹೊಣೆ ಹೊತ್ತವರಿಗೂ ತಿಳಿದಿರಬೇಕಾದ್ದರಿಂದ, ವಾಯು ರಕ್ಷಣೆಯ ಅನುಮತಿ ಸಂಖ್ಯೆಯೂ ಕೈಗೆ ಬರಬೇಕು. ವೇಳೆಯನ್ನು ಬರೆಯುವುದಾದರೂ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವಕಾಲದಲ್ಲಿ.

ಆ ಪತ್ರ ಕೇಳುವುದಾದರೂ ಏನು? ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವ ಹಾದಿ, ಎಷ್ಟು ಎತ್ತರ, ಎಷ್ಟು ವೇಗ. ಅಲ್ಲಿ ಇಳಿಯಲಾಗದಿದ್ದರೆ ಮತ್ತೆಲ್ಲಿ. ಇಂಧನ ಎಷ್ಟು ಹೊತ್ತಿಗೆ ಸಾಕು. ಒಳಗೆ ಎಷ್ಟು ಜನ. ಕೊನೆಗೆ ಒಂದು ವಿಚಿತ್ರ ಪ್ರಶ್ನೆ: ವಿಮಾನದ ಬಣ್ಣ ಯಾವುದು? ಹಾರುವುದಕ್ಕೂ ಬಣ್ಣಕ್ಕೂ ಏನು ಸಂಬಂಧವೆಂದು ನಾನು ಕೇಳಿದೆ. ಹುಡುಗ ಈ ಸಲ ನಗಲಿಲ್ಲ. “ಕಾಡಿನಲ್ಲಿ ಬಿದ್ದರೆ ಮೇಲಿನಿಂದ ಹುಡುಕುವವರಿಗೆ ಬೇಕಲ್ಲ, ಸರ್” ಎಂದ.

ಇಳಿದ ಮೇಲೂ ಕೆಲಸ ಮುಗಿಯದು; ಮುಟ್ಟಿದೆನೆಂದು ತಿಳಿಯಬೇಕು. ನಿರೀಕ್ಷಿಸಿದ ವೇಳೆ ಕಳೆದು 30 ನಿಮಿಷವಾದರೂ ಸುದ್ದಿಯಿಲ್ಲದಿದ್ದರೆ ವಿಚಾರಣೆ ಆರಂಭವಾಗುತ್ತದೆ. ಹಿಂದೆ ಪರವೂರಿಗೆ ಹೋದವರು ‘ಸುಖರೂಪ ಮುಟ್ಟಿದೆ’ ಎಂದು ಒಂದು ಕಾರ್ಡು ಬರೆಯುತ್ತಿದ್ದರಲ್ಲ, ಅದರ ತಮ್ಮನಿದು.

2023ರ ಮೇ 30ರಂದು ಸಾಂಬ್ರಾದ ತರಬೇತಿ ವಿಮಾನವೊಂದು ಸಮೀಪದ ಹೊನ್ನಿಹಾಳದ ಹೊಲದಲ್ಲಿ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಬದುಕಿದರು. ಅದು ಊರ ಹತ್ತಿರದ ಬಯಲು. ಅದೇ ಖಾನಾಪುರದ ಪಡುವಣ ಕಾಡಾಗಿದ್ದರೆ? ಅಲ್ಲಿ ಮಳೆಗಾಲದ ಮೋಡ ಘಟ್ಟದ ನೆತ್ತಿಯ ಮೇಲೆಯೇ ಮಲಗಿರುತ್ತದೆ. ಮರದ ಕೆಳಗಿನದು ಆಕಾಶಕ್ಕೆ ಕಾಣದು.

ಅಮೆರಿಕದ ಸ್ಟೀವ್ ಫಾಸೆಟ್ ಒಬ್ಬನೇ ಬಲೂನಿನಲ್ಲಿ ಭೂಮಿಯನ್ನು ಸುತ್ತಿದ ಮೊದಲಿಗ. 2007ರ ಸೆಪ್ಟೆಂಬರ್ 3ರಂದು ನೆವಾಡಾದಿಂದ ಚಿಕ್ಕ ವಿಮಾನದಲ್ಲಿ ಹೊರಟ. ಅಲ್ಲಿಯ ನಿಯಮ ಅಂಥ ಹಾರಾಟಕ್ಕೆ ಫ್ಲೈಟ್ ಪ್ಲಾನನ್ನು ಕಡ್ಡಾಯ ಮಾಡಿಲ್ಲ. ಆತ ಕೊಡಲೂ ಇಲ್ಲ. ಮರುವರ್ಷ, ಬೆಟ್ಟದಲ್ಲಿ ಅಲೆಯುತ್ತಿದ್ದ ಒಬ್ಬನಿಗೆ ಆತನ ಗುರುತಿನ ಚೀಟಿ ಸಿಕ್ಕ ಮೇಲೆ, 2008ರ ಅಕ್ಟೋಬರಿನಲ್ಲಿ ವಿಮಾನದ ಅವಶೇಷ ದೊರೆಯಿತು. ನಮ್ಮ ನೆರೆಯ ಆಂಧ್ರದಲ್ಲಿ, 2009ರ ಸೆಪ್ಟೆಂಬರ್ 2ರಂದು, ಮುಖ್ಯಮಂತ್ರಿ ವೈ. ಎಸ್. ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರ್ ನಲ್ಲಮಲದ ದಟ್ಟ ಕಾಡಿನಲ್ಲಿ ಬಿತ್ತು. ಹುಡುಕಲು ಸರ್ಕಾರದ ಬಲವೆಲ್ಲ ನಿಂತಿತ್ತು ನಿಜ. ಆದರೆ ಹಾದಿಯೂ ಗೊತ್ತಿತ್ತು. ಮರುದಿನ ಬೆಳಿಗ್ಗೆ ಅದು ಸಿಕ್ಕಿತು. ಎರಡೂ ಕಡೆ ಜೀವ ಉಳಿಯಲಿಲ್ಲ. ಯಾವ ಪತ್ರವೂ ಬೀಳುವ ವಿಮಾನವನ್ನು ಎತ್ತಿ ಹಿಡಿಯಲಾರದು. ಆದರೆ ಒಂದು ಕಡೆ ಮನೆಯವರು ಕಾದದ್ದು ಒಂದು ದಿನ, ಇನ್ನೊಂದು ಕಡೆ ಒಂದು ವರ್ಷಕ್ಕೂ ಮಿಕ್ಕಿ. ಬಿದ್ದವನು ಉಸಿರಾಡುತ್ತಿದ್ದರೆ ಆ ಅಂತರವೇ ಅವನ ಆಯುಸ್ಸು.

ಹಾರುವವನ ಸ್ವಾತಂತ್ರ್ಯಕ್ಕೆ ಈ ನಿಯಮಗಳು ಸಂಕೋಲೆಯಲ್ಲವೆ ಎಂದು ಶಿಷ್ಯನನ್ನು ಕೇಳಿದೆ. ಪತ್ರವನ್ನು ತುಂಬಲು ಕುಳಿತಾಗಲೇ ಎಷ್ಟೋ ಸಲ ‘ಇಂದು ಹಾರುವುದು ಬೇಡ’ ಎಂಬುದು ತನಗೆ ತಿಳಿಯುತ್ತದೆಂದು ಆತ ಹೇಳಿದ. ಜಾಂಬೋಟಿಯ ತಿರುವಿನಲ್ಲಿ ನನಗೆ ಅಂಥದೊಂದು ಕಾಗದ ಇರಬೇಕಿತ್ತು.

ಕಳೆದ ಭಾನುವಾರ ಖಾನಾಪುರದಿಂದ ಹೊರಡುವಾಗ, ಯಾವ ರಸ್ತೆ, ಎಷ್ಟು ಹೊತ್ತಿಗೆ ಎಂದು ನಾನಾಗಿಯೇ ಒಪ್ಪಿಸಿದೆ. ಅವ್ವ ಎಲ್ಲವನ್ನೂ ಕೇಳಿಕೊಂಡು, “ಗಾಡ್ಯಾಗ ಎಣ್ಣಿ ಐತೇನು?” ಎಂದಳು. ಸಾಂಬ್ರಾದವರೂ ಅದನ್ನು ಕೇಳುತ್ತಾರೆಂದು ಹೇಳಿದೆ. “ಕೇಳಬೇಕಲ್ಲಪಾ, ಅವರಿಗೂ ಮಕ್ಕಳಿರ್ತಾರ” ಎಂದಳು.