ಪಂಪು ಆಫ್ ಮಾಡಿ ಮಲಗುವವರಿಗೆ

"ಆ ಗುರ್ ಗುರ್ ಸದ್ದಿಗೆ ನಿದ್ದೆ ಬರಲ್ಲ ಮಾರಾಯ, ಅದಕ್ಕೇ ರಾತ್ರಿ ಆಫ್ ಮಾಡ್ತೀನಿ." ಮೀನು ಸಾಕುವ ಸಾಫ್ಟ್‌ವೇರ್ ಗೆಳೆಯರ ಈ ಮಾತು ಕೇಳಿದರೆ ಮೈ ಉರಿಯುತ್ತೆ. ಸರ್ವರ್ ಎರಡು ನಿಮಿಷ ಡೌನ್ ಆದರೆ ನಡುರಾತ್ರಿ ಎದ್ದು ಕೂರುವವರು ನಾವು. ಮೀನಿಗೆ ಮಾತ್ರ ದಿನಾ ಎಂಟು ಗಂಟೆ ಡೌನ್‌ಟೈಮ್!

ನಮ್ಮ ಹೆಮ್ಮಾಡಿ, ಕುಂದಾಪುರ ಕಡೆಯ ಸಿಗಡಿ ಕೆರೆಯವರನ್ನು ಕೇಳಿ. ನೀರು ಚಿಮ್ಮಿಸುವ ಚಕ್ರ ರಾತ್ರಿಯೇ ಹೆಚ್ಚು ಬೇಕು. ಬಿಸಿಲಿಲ್ಲದಾಗ ಪಾಚಿ, ಗಿಡ ಆಮ್ಲಜನಕ ಕೊಡುವುದಿಲ್ಲ, ತಾವೂ ತಗೊಳ್ತವೆ. ನಿಮ್ಮ ತೊಟ್ಟಿಯಲ್ಲೂ ಅದೇ ಲೆಕ್ಕ. ಸೆಕೆಗಾಲದಲ್ಲಿ ಇನ್ನೂ ಕಷ್ಟ: 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯದು ಏಳೂವರೆ ಅಷ್ಟೇ.

ಕರೆಂಟ್ ಬಿಲ್ಲಾ? 3 ವಾಟಿನ ಪಂಪು ತಿಂಗಳಿಡೀ ಓಡಿದರೂ ಎರಡು ಯೂನಿಟ್ ಚಿಲ್ಲರೆ. ಸದ್ದಾ? ಅರ್ಧ ಸದ್ದು ಅದುರುವ ಮೇಜಿನದ್ದು, ಪಂಪಿನಡಿ ಸ್ಪಂಜು ಇಡಿ. ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕೊಳವೆಗೆ ಚೆಕ್ ವಾಲ್ವ್ ಹಾಕಿ. ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ವಾಪಸ್ ಹರಿದು ಪಂಪಿಗೇ ನುಗ್ಗುತ್ತೆ. ಗುಳ್ಳೆ ಚೆಂದಕ್ಕಲ್ಲ, ಅದು ಮೇಲ್ಮೈ ಕಲಕಿದಾಗಲೇ ಹೆಚ್ಚು ಗಾಳಿ ಕರಗುವುದು. ಆ ಕೆಲಸವನ್ನು ಫಿಲ್ಟರ್ ಮಾಡ್ತಿದ್ದರೆ ಬೇರೆ ಮಾತು.

"ಫೈಟರ್ ಮೀನು ಪಂಪಿಲ್ಲದೆ ಬದುಕುತ್ತಲ್ಲ" ಅನ್ನಬೇಡಿ. ಅದು ಮೇಲೆ ಬಂದು ಗಾಳಿಯನ್ನೇ ಉಸಿರಾಡುವ ಜಾತಿ. ನಿಮ್ಮ ಗೋಲ್ಡ್‌ಫಿಶ್‌ಗೆ ಆ ಸೌಕರ್ಯ ಇಲ್ಲ.

ಹೊಳೆಯ ಮೀನು ಉಸಿರು ಕಟ್ಟಿದರೆ ಬೇರೆ ಕಡೆ ಈಜಿ ಹೋಗಬಹುದು. ಇದನ್ನು ಗಾಜಿನೊಳಗೆ ಹಾಕಿದವರು ನಾವು. ಸದ್ದು ಸಹಿಸಕ್ಕಾಗದಿದ್ದರೆ ಮೀನು ತರಬೇಡಿ, ಗೋಡೆಗೊಂದು ಮೀನಿನ ಚಿತ್ರ ನೇತುಹಾಕಿ.