ಮನೆಯೊಳಗೆ ಗೋಡೆ ಎಬ್ಬಿಸಿದರೆ ಸಾಕೇ?



‘ಪಾರ್ಟಿಶನ್’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಹಿರಿಯರಿಗೆ ನೆನಪಾಗುವುದು ಅಣ್ಣತಮ್ಮಂದಿರ ಆಸ್ತಿ ಪಾಲು. ಇಂದಿನ ಮಕ್ಕಳಿಗೆ ನೆನಪಾಗುವುದು ಲ್ಯಾಪ್‌ಟಾಪಿನ ಸಿ ಡ್ರೈವ್, ಡಿ ಡ್ರೈವ್. ಈ ಎರಡನೆಯ ಪಾಲಿನ ಬಗ್ಗೆ ಈ ಸಲ ಬರೆಯುವುದಕ್ಕೆ ಒಂದು ಕಾರಣವಿದೆ.

ಕೆಲವು ತಿಂಗಳ ಹಿಂದೆ ಕಾಸರಗೋಡು ಕಡೆಯ ಒಬ್ಬ ತಾಯಿ ಬಟ್ಟೆಯ ಚೀಲದಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದನ್ನು ಹಿಡಿದುಕೊಂಡು ಬಂದರು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಫೋಟೋಗಳು, ಗಲ್ಫಿನಿಂದ ಕಳುಹಿಸುತ್ತಿದ್ದ ಧ್ವನಿ ಸಂದೇಶಗಳು ಎಲ್ಲವೂ ಅದರಲ್ಲೇ ಇದ್ದವು. ಹಾರ್ಡ್ ಡಿಸ್ಕ್ ಕೆಟ್ಟಿತ್ತು, ರಿಪೇರಿಯವರು ಕೈಚೆಲ್ಲಿದ್ದರು. “ಎಲ್ಲಾ ಡಿ ಡ್ರೈವಿನಲ್ಲೇ ಹಾಕಿದ್ದು ಫಾದರ್. ಅಲ್ಲಿಟ್ಟರೆ ಏನೂ ಆಗುವುದಿಲ್ಲ ಅಂತ ಮಗ ಹೇಳಿದ್ದ” ಎಂದರು. ಏನು ಹೇಳಬೇಕೆಂದು ನನಗೆ ತೋಚಲಿಲ್ಲ.

ಮಗ ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ಹಾರ್ಡ್ ಡಿಸ್ಕ್ ಒಂದು ಮನೆ ಎಂದುಕೊಳ್ಳಿ. ಪಾರ್ಟಿಶನ್ ಎಂದರೆ ಅದರೊಳಗೆ ಎಬ್ಬಿಸಿದ ಗೋಡೆ. ಒಂದು ಕೋಣೆಯಲ್ಲಿ ವಿಂಡೋಸ್, ಇನ್ನೊಂದರಲ್ಲಿ ನಮ್ಮ ಸಾಮಾನು. ವಿಂಡೋಸ್ ಹಾಳಾದರೆ ಸಿ ಡ್ರೈವನ್ನು ಮಾತ್ರ ಅಳಿಸಿ ಹೊಸದಾಗಿ ಹಾಕಬಹುದು, ಡಿ ಡ್ರೈವಿನ ಕಡತಗಳು ಹಾಗೇ ಉಳಿಯುತ್ತವೆ. ಇದು ನಿಜವಾದ ಲಾಭ. ಆದರೆ ಎರಡು ಕೋಣೆಗೂ ಮಾಡು ಒಂದೇ ಅಲ್ಲವೇ? ಡಿಸ್ಕ್ ಕೆಟ್ಟರೆ, ಲ್ಯಾಪ್‌ಟಾಪ್ ಕಳುವಾದರೆ, ನೀರಿಗೆ ಬಿದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ವೈರಸ್ಸಿಗೂ ಈ ಗೋಡೆ ಅಡ್ಡಿಯಾಗದು.

ಹಾಗಾದರೆ ಪಾರ್ಟಿಶನ್ ಬೇಡವೇ? ಬೇಕಿದ್ದವರು ಮಾಡಿಕೊಳ್ಳಲಿ. ಆದರೆ ಕೈ ಹಾಕುವ ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡಿ. ಚಾರ್ಜರ್ ಹಾಕಿಯೇ ಇರಲಿ. ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ಮೊದಲೇ ಹಾಕಿರುತ್ತದೆ. ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಕಪಾಟಿನಲ್ಲಿಡಿ. ಕೀ ಇಲ್ಲದೆ ಹೋದರೆ ಕಳ್ಳನಂತೆ ನೀವೂ ಹೊರಗೇ ನಿಲ್ಲಬೇಕಾದೀತು.

ವಿಂಡೋಸ್ 10 ಅಥವಾ 11ರಲ್ಲಿ ಸ್ಟಾರ್ಟ್ ಬಟನ್ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಸಿ ಡ್ರೈವಿನ ಮೇಲೆ ಬಲಗುಂಡಿ ಒತ್ತಿ ‘ಶ್ರಿಂಕ್ ವಾಲ್ಯೂಮ್’ ಆರಿಸಿ. ಅಲ್ಲಿ ಅಳತೆ ಎಂಬಿಯಲ್ಲಿರುತ್ತದೆ, 100 ಜಿಬಿ ಬೇಕಾದರೆ 102400 ಎಂದು ಬರೆಯಬೇಕು. ಹೀಗೆ ಬಿಡುವಾದ ಜಾಗದ ಮೇಲೆ ‘ನ್ಯೂ ಸಿಂಪಲ್ ವಾಲ್ಯೂಮ್’ ಕೊಟ್ಟರೆ ಹೊಸ ಡ್ರೈವ್ ಸಿದ್ಧ. ಅಕ್ಷರವಿಲ್ಲದ ಸಣ್ಣ ಸಣ್ಣ ಪಾಲುಗಳು ಕಂಡರೆ ಮುಟ್ಟಬೇಡಿ, ಲ್ಯಾಪ್‌ಟಾಪ್ ಶುರುವಾಗಲು ಮತ್ತು ರಿಪೇರಿಗೆ ಅವು ಬೇಕು. ಇನ್ನೊಂದು ಮಾತು: ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಇವು ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುತ್ತವೆ. ಅವುಗಳ ‘ಪ್ರಾಪರ್ಟೀಸ್’ನಲ್ಲಿ ‘ಲೊಕೇಶನ್’ ಬದಲಿಸದಿದ್ದರೆ ಡಿ ಡ್ರೈವ್ ಖಾಲಿ ಕೋಣೆಯಾಗಿಯೇ ಉಳಿಯುತ್ತದೆ. ಡಿಸ್ಕೇ 256 ಜಿಬಿಯಷ್ಟು ಚಿಕ್ಕದಾಗಿದ್ದರೆ ಪಾಲು ಮಾಡದಿರುವುದೇ ಲೇಸು.

ಇಷ್ಟೆಲ್ಲಾ ಮಾಡಿದ ಮೇಲೂ ಮುಖ್ಯ ಕೆಲಸ ಬಾಕಿಯೇ ಇದೆ. ಅದು, ಮನೆಯ ಹೊರಗೆ ಒಂದು ಪ್ರತಿ.

ಮಕ್ಕಳೊಂದಿಗೆ ‘ಟಾಯ್ ಸ್ಟೋರಿ 2’ ಸಿನಿಮಾ ನೋಡಿದವರಿದ್ದೀರಿ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ಅದು ತಯಾರಾಗುತ್ತಿದ್ದಾಗ ಯಾರೋ ತಪ್ಪಾಗಿ ಕೊಟ್ಟ ಒಂದು ಆಜ್ಞೆಯಿಂದ ಚಿತ್ರದ ಹೆಚ್ಚಿನ ಕಡತಗಳು ಅಳಿಸಿಹೋದವು. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಅದೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ಯಾರೂ ಪರೀಕ್ಷಿಸಿರಲಿಲ್ಲ. ಆಗ ನೆರವಿಗೆ ಬಂದದ್ದು ಗ್ಯಾಲಿನ್ ಸುಸ್ಮನ್ ಎಂಬ ಉದ್ಯೋಗಿಯ ಮನೆಯ ಕಂಪ್ಯೂಟರ್. ಹಸುಗೂಸಿನ ತಾಯಿಯಾಗಿದ್ದ ಆಕೆ ಮನೆಯಿಂದಲೇ ಕೆಲಸ ಮಾಡಲೆಂದು ಒಂದು ಪ್ರತಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಜೋಪಾನವಾಗಿ ಸ್ಟುಡಿಯೋಗೆ ತಂದರು. ಹೋದ ಕೆಲಸದ ಬಹುಭಾಗ ಮರಳಿ ಸಿಕ್ಕಿತು.

ತಿಳಿದವರು ಹೇಳುವ ಲೆಕ್ಕ ಸುಲಭ: 3, 2, 1. ಒಟ್ಟು 3 ಪ್ರತಿ, 2 ಬೇರೆ ಬೇರೆ ಸಾಧನಗಳಲ್ಲಿ, 1 ಪ್ರತಿ ಬೇರೆ ಊರಿನಲ್ಲೋ ಬೇರೆ ಮನೆಯಲ್ಲೋ. ಲ್ಯಾಪ್‌ಟಾಪಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ತವರುಮನೆಯಲ್ಲೋ ಇಂಟರ್ನೆಟ್ಟಿನ ಖಾತೆಯಲ್ಲೋ ಇನ್ನೊಂದು. ಪ್ರತಿ ತೆಗೆದ ಮೇಲೆ ಹೊರಗಿನ ಡಿಸ್ಕನ್ನು ಕಳಚಿಡಿ, ಸಿಕ್ಕಿಸಿಯೇ ಇಟ್ಟರೆ ವೈರಸ್ ಅದಕ್ಕೂ ತಗಲೀತು. ಆಗಾಗ ಒಂದೆರಡು ಕಡತ ತೆರೆದು ನೋಡಿ. ತೆರೆಯದ ಪ್ರತಿ ಇದ್ದೂ ಇಲ್ಲದ ಹಾಗೆ.

ಆ ತಾಯಿಯ ವಿಷಯಕ್ಕೆ ಬರುತ್ತೇನೆ. ವಿಚಾರಿಸುತ್ತಾ ಹೋದಾಗ, ಮದುವೆಯ ಫೋಟೋಗಳ ಸಿಡಿಯೊಂದನ್ನು ಎಂದೋ ನಾದಿನಿಗೆ ಕೊಟ್ಟದ್ದು ಅವರಿಗೆ ನೆನಪಾಯಿತು. ನಾದಿನಿ ಅದನ್ನು ಬೈಬಲಿನ ಪಕ್ಕದಲ್ಲಿ ಜೋಪಾನವಾಗಿ ಇಟ್ಟಿದ್ದರು. ಫೋಟೋಗಳು ಸಿಕ್ಕಿದವು. ಗಂಡನ ಧ್ವನಿ ಮಾತ್ರ ಸಿಗಲಿಲ್ಲ.

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ. ಬರುವ ಭಾನುವಾರ ಊಟವಾದ ಮೇಲೆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಕೇಳಿ: “ಅಜ್ಜನ ಫೋಟೋ ಎಷ್ಟು ಕಡೆ ಇದೆ?” ಉತ್ತರ ‘ಒಂದು’ ಎಂದಾದರೆ ಅಂದೇ ಇನ್ನೊಂದು ಪ್ರತಿ ಮಾಡಿಬಿಡಿ.